ಕಡಲ ದಡಕ್ಕೆ ಕಾನೂನು, ಕೃಷ್ಣೆಯ ದಡಕ್ಕೆ ಬಾಗಿನ

ಬಾಗಲಕೋಟೆ: ರಾಜ್ಯದ ಮೂರು ಕರಾವಳಿ ಜಿಲ್ಲೆಗಳಲ್ಲಿ ಸಮುದ್ರದ ದಡ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಸರ್ಕಾರದ ಬಳಿ ನಕ್ಷೆಯಿದೆ. ಉಬ್ಬರದ ನೀರು ಏರುವ ಗರಿಷ್ಠ ರೇಖೆಯನ್ನು ಆ ನಕ್ಷೆಯಲ್ಲಿ ಗುರುತಿಸಲಾಗಿದೆ. ಅಲ್ಲಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬಹುದು, ಎಲ್ಲಿ ಕಟ್ಟುವಂತಿಲ್ಲ ಎಂಬುದನ್ನು ಅಧಿಸೂಚನೆ ಹೇಳುತ್ತದೆ. ಬೀಳಗಿ ತಾಲೂಕಿನ ಗಲಗಲಿಯಲ್ಲಿ ನಿಂತು ಕೃಷ್ಣಾ ನದಿಯ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ಖಚಿತ ಉತ್ತರ ಕೊಡಬಲ್ಲವರು ಯಾರೂ ಇಲ್ಲ. ದಡದ ರೇಖೆ ಇಂದು ಇರುವಲ್ಲೇ ಇರುತ್ತದೆಯೋ, ಇನ್ನೂ ಮೇಲಕ್ಕೆ ಸರಿಯುತ್ತದೆಯೋ ಎಂಬ ವಿಷಯ ದಶಕಗಳಿಂದ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಹಾಗೂ ಸಚಿವ ಸಂಪುಟದ ಕಡತಗಳ ನಡುವೆ ಓಡಾಡುತ್ತಿದೆ.

ದಡವೊಂದನ್ನು ಕಾಪಾಡಬೇಕಾದರೆ ಅದು ಯಾವುದೆಂದು ಮೊದಲು ನಿಶ್ಚಯವಾಗಬೇಕು. ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಆಗದೇ ಉಳಿದಿರುವುದು ಇದೇ. ಅಣೆಕಟ್ಟೆ ತುಂಬಿದಾಗ ಬಾಗಿನ ಅರ್ಪಣೆಯಾಗುತ್ತದೆ, ಪುಷ್ಕರ ಬಂದಾಗ ಲಕ್ಷಾಂತರ ಜನ ಮೀಯುತ್ತಾರೆ, ಭಾಷಣಗಳಲ್ಲಿ ಕೃಷ್ಣೆ ತಾಯಿಯಾಗುತ್ತಾಳೆ. ಸಂಭ್ರಮಕ್ಕೆ ಕೊರತೆಯಿಲ್ಲ. ಆದರೆ ಆ ದಡದಲ್ಲಿ ಬದುಕುವವನ ಹೊಲ ಮುಂದಿನ ವರ್ಷ ನೆಲವಾಗಿಯೇ ಇರುವುದೇ ಎಂಬುದಕ್ಕೆ ಭರವಸೆಯಿಲ್ಲ.

ಎರಡು ದಡಗಳ ಕಥೆ

ಕಡಲ ತೀರದ ರಕ್ಷಣೆಗೆ ಕೇಂದ್ರ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1991ರ ಫೆಬ್ರುವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಉಬ್ಬರ ರೇಖೆಯಿಂದ 500 ಮೀಟರ್‌ವರೆಗಿನ ಪ್ರದೇಶ ಅದರ ವ್ಯಾಪ್ತಿಗೆ ಬಂತು. 2011 ಮತ್ತು 2019ರಲ್ಲಿ ಅಧಿಸೂಚನೆ ಹೊಸ ರೂಪ ಪಡೆಯಿತು. ಪ್ರತಿ ಬಾರಿ ಸಡಿಲಿಕೆಯ ಆರೋಪ ಕೇಳಿಬಂದಿದೆ. ಆದರೂ ರೇಖೆ ಎಂಬುದೊಂದು ಇದೆ. ಅದನ್ನು ಮೀರಿದವರನ್ನು ಪ್ರಶ್ನಿಸಲು ಜನಸಾಮಾನ್ಯನಿಗೆ ಒಂದು ದಾಖಲೆಯಾದರೂ ಸಿಗುತ್ತದೆ.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಕರ್ನಾಟಕದ ಸುಮಾರು 313 ಕಿ.ಮೀ. ತೀರದ ಪೈಕಿ 74 ಕಿ.ಮೀ.ಯಷ್ಟು ಕೊರೆತಕ್ಕೆ ಸಿಲುಕಿದೆ ಎಂದು ಲೆಕ್ಕ ಹಾಕಿತು. ಉಳ್ಳಾಲದಂಥ ಕಡೆಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ತೀರ ರಕ್ಷಣಾ ಕಾಮಗಾರಿ ನಡೆಯಿತು. ಹೊನ್ನಾವರ ತಾಲೂಕಿನ ಕಾಸರಕೋಡು ಹಾಗೂ ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳು 2020ರ ಅಕ್ಟೋಬರ್‌ನಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಪಡೆದವು. ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಜಗತ್ತಿನಾದ್ಯಂತ ಕರಾವಳಿ ಸ್ವಚ್ಛತಾ ದಿನ. 2022ರಲ್ಲಿ ಕೇಂದ್ರ ಸರ್ಕಾರ ಅದನ್ನೇ 75 ದಿನಗಳ ಅಭಿಯಾನವಾಗಿ ಆಚರಿಸಿತು. ಕಾನೂನು, ಅಳತೆ, ಹಣ ಮತ್ತು ಉತ್ಸವ ಈ ನಾಲ್ಕೂ ಅಲ್ಲಿ ಒಂದರ ಬೆನ್ನಿಗೆ ಒಂದು ಬಂದಿವೆ.

ಒಳನಾಡಿಗೆ ಬಂದರೆ ಚಿತ್ರ ಬೇರೆ. ಕರಾವಳಿ ಅಧಿಸೂಚನೆ ನದಿಗಳಿಗೂ ಅನ್ವಯಿಸುತ್ತದೆ. ಆದರೆ ಉಬ್ಬರವಿಳಿತದ ಪ್ರಭಾವ ಇರುವಷ್ಟು ದೂರಕ್ಕೆ ಮಾತ್ರ. ಗಂಗಾ ನದಿಗೆ 2016ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಿತು. ಕೃಷ್ಣೆಗೆ ಅಂಥದೊಂದು ಇಲ್ಲ. ಪ್ರವಾಹದ ಬಯಲನ್ನು ವಲಯಗಳಾಗಿ ವಿಂಗಡಿಸುವ ಮಾದರಿ ಮಸೂದೆಯನ್ನು ಕೇಂದ್ರವು 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಕಾಯ್ದೆ ಮಾಡಿಕೊಂಡವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಬೆಂಗಳೂರಿನ ಕೆರೆಗಳ ಸುತ್ತ ಎಷ್ಟು ಮೀಟರ್ ಜಾಗ ಬಿಡಬೇಕು ಎಂಬ ವಿವಾದ ಹಸಿರು ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರಲ್ಲಿ ತೀರ್ಪು ಕಂಡಿತು. ರಾಜ್ಯದ ಅತಿ ದೊಡ್ಡ ಜಲಾಶಯಗಳಲ್ಲೊಂದರ ಅಂಚಿನ ಬಗ್ಗೆ ಅಷ್ಟು ಚರ್ಚೆಯೂ ನಡೆದಿಲ್ಲ.

ನಾಲ್ಕೂವರೆ ಮೀಟರಿನ ಪ್ರಶ್ನೆ

ಗಲಗಲಿ ಕೃಷ್ಣಾ ತೀರದ ಹಳೆಯ ಊರು. ಗಾಲವ ಋಷಿ ತಪಸ್ಸು ಮಾಡಿದ ಕ್ಷೇತ್ರವೆಂಬ ನಂಬಿಕೆ ಇಲ್ಲಿಯದು. ಹರಿದಾಸ ಪರಂಪರೆಯಲ್ಲಿ ಹಾಡು ಕಟ್ಟಿದ ಮಹಿಳೆಯರ ಸಾಲಿನಲ್ಲಿ ಮೊದಲಿಗೆ ನೆನಪಾಗುವ ಗಲಗಲಿ ಅವ್ವನವರ ಹೆಸರಿನೊಂದಿಗೇ ಈ ಊರು ಅಂಟಿಕೊಂಡಿದೆ. ನದಿಯಿಂದ ಬೇರ್ಪಡಿಸಿ ಈ ಊರನ್ನು ಊಹಿಸುವುದು ಕಷ್ಟ. ಆದರೆ ಇಲ್ಲಿ ನದಿ ಹರಿಯುವ ರೀತಿ ಈಗ ಮೊದಲಿನಂತಿಲ್ಲ. ಮೇಲ್ಭಾಗದಲ್ಲಿ ಹಿಪ್ಪರಗಿ ಮತ್ತು ಚಿಕ್ಕಪಡಸಲಗಿ ಬ್ಯಾರೇಜುಗಳು, ಗಲಗಲಿಯಲ್ಲೇ ಒಂದು ಬ್ಯಾರೇಜು, ಕೆಳಗೆ ಆಲಮಟ್ಟಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಳೆ ಕೆರೆಯಂತೆ ನಿಲ್ಲುತ್ತದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಅಣೆಕಟ್ಟೆಯನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ನಾಡಿಗೆ ಸಮರ್ಪಿಸಿದ್ದು 2006ರ ಆಗಸ್ಟ್ 21ರಂದು. ಈ ನಡುವೆ 42 ವರ್ಷ ಉರುಳಿದ್ದವು. ಹಳೆಯ ಬಾಗಲಕೋಟೆಯ ಒಂದು ಭಾಗ ನೀರಿನಡಿ ಸೇರಿತು, ನವನಗರ ತಲೆಯೆತ್ತಿತು, ನೂರಾರು ಹಳ್ಳಿಗಳ ಬದುಕು ಪುನರ್ವಸತಿ ಕೇಂದ್ರಗಳ ಕಡೆಗೆ ಸರಿಯಿತು.

ಸುಪ್ರೀಂ ಕೋರ್ಟ್ 2000ದ ಏಪ್ರಿಲ್‌ನಲ್ಲಿ ನೀಡಿದ ತೀರ್ಪಿನಂತೆ ಜಲಾಶಯದಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ದಾರಿಯಾಯಿತು. ಆ ಮಟ್ಟದಲ್ಲಿ ಸಂಗ್ರಹ ಸುಮಾರು 123 ಟಿಎಂಸಿ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಐತೀರ್ಪು ನೀಡಿ, ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಕರ್ನಾಟಕಕ್ಕೆ ಅವಕಾಶ ಕೊಟ್ಟಿತು. ವ್ಯತ್ಯಾಸ ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು, ಅಂದರೆ ಸುಮಾರು 15 ಅಡಿ. ಅಣೆಕಟ್ಟೆಯ ಗೋಡೆಯ ಮೇಲೆ ಇದು ಅಲ್ಪ ಎತ್ತರ. ಸಮತಟ್ಟಾದ ಎರೆ ಭೂಮಿಯ ಮೇಲೆ ಇದರ ಅರ್ಥವೇ ಬೇರೆ: ರಾಜ್ಯ ಸರ್ಕಾರದ ಲೆಕ್ಕದಂತೆ 75,563 ಎಕರೆ ಮುಳುಗಡೆ.

ಐತೀರ್ಪು ಕೇಂದ್ರ ಗೆಜೆಟ್‌ನಲ್ಲಿ ಪ್ರಕಟವಾದರೆ ಮಾತ್ರ ಜಾರಿಗೆ ಬರುತ್ತದೆ. ಆಂಧ್ರಪ್ರದೇಶದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ಪ್ರಕಟಣೆಗೆ ತಡೆ ನೀಡಿತು. 2013ರ ನವೆಂಬರ್‌ನಲ್ಲಿ ನ್ಯಾಯಮಂಡಳಿಯ ಹೆಚ್ಚುವರಿ ವರದಿ ಬಂತು, 2014ರಲ್ಲಿ ತೆಲಂಗಾಣ ಹುಟ್ಟಿ ಕಕ್ಷಿಗಾರರ ಸಂಖ್ಯೆ ಏರಿತು. ಇತ್ತ ಆಲಮಟ್ಟಿಯ ಎತ್ತರ ಹೆಚ್ಚಿದರೆ ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಪ್ರವಾಹ ಬಿಗಡಾಯಿಸುತ್ತದೆ ಎಂದು ಮಹಾರಾಷ್ಟ್ರ ಆಕ್ಷೇಪ ಎತ್ತಿದೆ. 2025ರಲ್ಲಿ ಅಲ್ಲಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಈ ಕುರಿತು ಕರ್ನಾಟಕಕ್ಕೆ ಪತ್ರವನ್ನೂ ಬರೆದರು. ಆದರೆ 2019ರ ಪ್ರವಾಹದ ಬಗ್ಗೆ ಮಹಾರಾಷ್ಟ್ರವೇ ನೇಮಿಸಿದ್ದ ನಂದಕುಮಾರ್ ವಡನೇರೆ ಸಮಿತಿ 2020ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಲಮಟ್ಟಿಯನ್ನು ಹೊಣೆ ಮಾಡಿರಲಿಲ್ಲ ಎಂಬುದು ಗಮನಾರ್ಹ.

ತೂಗುಯ್ಯಾಲೆಯ ಮೇಲಿನ ಬದುಕು

ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್ 16ರಂದು ಮಹತ್ವದ ತೀರ್ಮಾನ ಕೈಗೊಂಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ಘೋಷಿಸಲಾಯಿತು. ಕಾಲುವೆ ಮತ್ತು ಪುನರ್ವಸತಿಗೆ ಬೇಕಾಗುವ ಭೂಮಿಯನ್ನೂ ಸೇರಿಸಿದರೆ ಒಟ್ಟು 1.33 ಲಕ್ಷ ಎಕರೆಗೂ ಹೆಚ್ಚು. ಅಂದಾಜು ವೆಚ್ಚ 70 ಸಾವಿರ ಕೋಟಿ ರೂಪಾಯಿ. ವರ್ಷಗಳಿಂದ ಬೀದಿಗಿಳಿದಿದ್ದ ಸಂತ್ರಸ್ತರಿಗೆ ಇದು ಸಣ್ಣ ಗೆಲುವಲ್ಲ.

ಆದರೆ ಪರಿಹಾರದ ದರ ನಿಗದಿಯಾದ ಮಾತ್ರಕ್ಕೆ ದಡ ನಿಗದಿಯಾಗುವುದಿಲ್ಲ. ಗೆಜೆಟ್ ಪ್ರಕಟಣೆ ಇಲ್ಲದೆ ನೀರು ಏರಿಸುವಂತಿಲ್ಲ. ನೀರು ಏರುವುದಿಲ್ಲವೆಂದು ಹೇಳುವ ಸ್ಥಿತಿಯೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಹೊರಟ ಜಮೀನನ್ನು ಪ್ರಕ್ರಿಯೆ ಮುಗಿಯುವವರೆಗೆ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಹನ್ನೆರಡು ತಿಂಗಳೊಳಗೆ ಅಂತಿಮ ಘೋಷಣೆಯಾಗದಿದ್ದರೆ ಆ ಅಧಿಸೂಚನೆ ಬಿದ್ದುಹೋಗುತ್ತದೆ. ಹಾಗಾದಲ್ಲಿ ಎಲ್ಲವೂ ಮೊದಲಿನಿಂದ.

ಇದರ ಪರಿಣಾಮ ಊಹಿಸಲು ಅಂಕಿ-ಅಂಶ ಬೇಕಿಲ್ಲ. ಮುಳುಗಲಿರುವ ಹೊಲದಲ್ಲಿ ಬಾವಿ ತೋಡಲು ರೈತ ಮನಸ್ಸು ಮಾಡುವುದಿಲ್ಲ. ಮುಳುಗಲಿರುವ ಊರಿನ ಶಾಲೆಗೆ ಹೊಸ ಕೊಠಡಿ ಮಂಜೂರು ಮಾಡಲು ಅಧಿಕಾರಿ ಹಿಂಜರಿಯುತ್ತಾನೆ. ಮಗಳ ಮದುವೆಗೆ ಎರಡು ಎಕರೆ ಮಾರಬೇಕಾದವನಿಗೆ ಕೊಳ್ಳುವವರಿಲ್ಲ. ಹಾಗೆಂದು ಊರು ಬಿಡಲೂ ಆಗದು. ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿ.

ನದಿಯೂ ಅಷ್ಟೇ ಅನಾಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿ ಪಾತ್ರಗಳಲ್ಲಿ ಕೃಷ್ಣೆಯ ಯಡೂರವಾಡಿಯಿಂದ ತಿಂಥಣಿ ಸೇತುವೆವರೆಗಿನ ಪಾತ್ರವೂ ಒಂದು. ಗಲಗಲಿ ಇರುವುದು ಈ ಎರಡು ಊರುಗಳ ನಡುವೆಯೇ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಬ್ಬು ಬೆಳೆದಂತೆ ಸಕ್ಕರೆ ಕಾರ್ಖಾನೆಗಳೂ ಬೆಳೆದಿವೆ. ರಾಸಾಯನಿಕ ಗೊಬ್ಬರ ತೊಳೆದ ನೀರು ಕೊನೆಗೆ ಸೇರುವುದು ಹೊಳೆಯನ್ನೇ.

ಮತ್ತೊಂದು ಮುಖವೂ ಇದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ತೆರೆದುಕೊಳ್ಳುವ ಕೆಸರು ಬಯಲಿಗೆ ರಾಜಹಂಸಗಳು ಗುಂಪು ಗುಂಪಾಗಿ ಇಳಿಯುತ್ತವೆ. ಬಾಗಲಕೋಟೆ ಮತ್ತು ಬೀಳಗಿ ತಾಲೂಕಿನ ಹೆರಕಲ್ ಸುತ್ತಲಿನ ಹಿನ್ನೀರು ಪಕ್ಷಿವೀಕ್ಷಕರಿಗೆ ಚಿರಪರಿಚಿತ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ, ರೀವಕ್ಕಿಗಳು ನಡುಗಡ್ಡೆಗಳ ಬರಿ ನೆಲದಲ್ಲಿ ಮೊಟ್ಟೆಯಿಡುತ್ತವೆ. ನೀರು ಸರಿದ ಅದೇ ನೆಲದ ಮೇಲೆ ರೈತನೂ ಬಿತ್ತುತ್ತಾನೆ. ಹಕ್ಕಿಗೆ ಬೇಕಾದ ನೆಲ ಯಾವುದು, ರೈತನಿಗೆ ಬಿಡಬಹುದಾದ ನೆಲ ಯಾವುದು ಎಂದು ಹೇಳಬೇಕಾದರೂ ಮೊದಲು ಬೇಕಿರುವುದು ಒಂದು ಗಡಿ.

ಸಂಭ್ರಮಕ್ಕೆ ಬರವಿಲ್ಲ

ಜಲಾಶಯ ತುಂಬಿದಾಗ ಮುಖ್ಯಮಂತ್ರಿಗಳು ಆಲಮಟ್ಟಿಗೆ ಬಂದು ಬಾಗಿನ ಅರ್ಪಿಸುವುದು ಪಕ್ಷಭೇದವಿಲ್ಲದೆ ನಡೆದುಬಂದ ಪದ್ಧತಿ. ಕೃಷ್ಣಾ ಪುಷ್ಕರ 2016ರ ಆಗಸ್ಟ್‌ನಲ್ಲಿ ಹನ್ನೆರಡು ದಿನ ನಡೆಯಿತು. ಮುಂದಿನದು 2028ರಲ್ಲಿ. ಅತ್ತ ಕೆಆರ್‌ಎಸ್‌ನಲ್ಲಿ ಕಾವೇರಿ ಆರತಿಗೆಂದು ಸರ್ಕಾರ 2025ರಲ್ಲಿ ಸುಮಾರು 92 ಕೋಟಿ ರೂಪಾಯಿಯ ಯೋಜನೆ ರೂಪಿಸಿತು. ಮಂಡ್ಯದ ರೈತ ಸಂಘಟನೆಗಳ ವಿರೋಧ ಹೈಕೋರ್ಟ್‌ವರೆಗೂ ಹೋಯಿತು.

ಇವನ್ನೆಲ್ಲ ಬರಿಯ ಆಡಂಬರವೆಂದು ತಳ್ಳಿಹಾಕುವುದು ಸರಿಯಲ್ಲ. ನದಿಯನ್ನು ಪೂಜಿಸುವ ಸಮಾಜಕ್ಕೆ ಅದನ್ನು ಉಳಿಸುವ ಮನಸ್ಸೂ ಬರಬಹುದು. ಇದೇ ಜಿಲ್ಲೆಯ ಕೂಡಲಸಂಗಮ ಅದಕ್ಕೆ ಸಾಕ್ಷಿ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳ ನೀರಿನಡಿ ಹೋಗುವ ಅಪಾಯವಿತ್ತು. ಅದರ ಸುತ್ತ ಬಾವಿಯಂತೆ ಗೋಡೆ ಎತ್ತಿ ಉಳಿಸಿಕೊಳ್ಳಲಾಯಿತು. ನೀರಿನ ನಡುವೆ ಮೆಟ್ಟಿಲಿಳಿದು ಭಕ್ತರು ಇಂದಿಗೂ ದರ್ಶನ ಪಡೆಯುತ್ತಾರೆ. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಗೊತ್ತಿದ್ದುದರಿಂದ ಅಲ್ಲಿ ಗೋಡೆಯ ಎತ್ತರವನ್ನು ನಿರ್ಧರಿಸಲು ಸಾಧ್ಯವಾಯಿತು. ಲೆಕ್ಕ ಸ್ಪಷ್ಟವಿದ್ದಲ್ಲಿ ಭಕ್ತಿ ಮತ್ತು ಎಂಜಿನಿಯರಿಂಗ್ ಕೈಜೋಡಿಸಬಲ್ಲವು.

ಜನರೇ ಕಟ್ಟಿದ ದಡ

ಗಲಗಲಿಯಿಂದ ಹೊಳೆಯ ಮೇಲ್ಮುಖವಾಗಿ ಹೋದರೆ ಸಿಗುವ ಚಿಕ್ಕಪಡಸಲಗಿ ಇನ್ನೊಂದು ಪಾಠ ಹೇಳುತ್ತದೆ. ಸರ್ಕಾರದ ದಾರಿ ಕಾದು ಸುಸ್ತಾದ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡ ಅವರ ನಾಯಕತ್ವದಲ್ಲಿ ತಾವೇ ವಂತಿಗೆ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ದೇಶದ ಗಮನ ಸೆಳೆದ ಆ ಕೆಲಸ ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರನ್ನೂ, 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ಘಟಾನುಘಟಿಯ ವಿರುದ್ಧ ಗೆಲುವನ್ನೂ ತಂದುಕೊಟ್ಟಿತು. ಕೇಂದ್ರದಲ್ಲಿ ಸಚಿವರೂ ಆದ ಅವರು 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು.

ಆ ಬ್ಯಾರೇಜು ಪರಿಸರ ಸಂರಕ್ಷಣೆಯ ಕೆಲಸವಾಗಿರಲಿಲ್ಲ, ನೀರಾವರಿಯ ಕೆಲಸವಾಗಿತ್ತು. ಆದರೂ ತಮ್ಮ ಹೊಳೆಯ ವಿಚಾರದಲ್ಲಿ ತೀರದ ಜನ ಸ್ವತಃ ನಿರ್ಧಾರ ಕೈಗೊಳ್ಳಬಲ್ಲರು, ಲೆಕ್ಕ ಒಪ್ಪಿಸಬಲ್ಲರು ಎಂಬುದನ್ನು ಅದು ತೋರಿಸಿತು. ಈ ಸೀಮೆಯ ಜನರನ್ನು ಬರೀ ಸಂತ್ರಸ್ತರ ಪಟ್ಟಿಯ ಹೆಸರುಗಳಾಗಿ ಕಾಣುವ ಆಡಳಿತ ಇದನ್ನು ಮರೆತಂತಿದೆ.

ಕಾನೂನೊಂದೇ ಸಾಕೆ?

ಕಾನೂನು ಇದ್ದಲ್ಲೆಲ್ಲ ದಡ ಸುರಕ್ಷಿತ ಎಂಬ ಭ್ರಮೆಯೂ ಬೇಡ. ಬ್ಲೂ ಫ್ಲ್ಯಾಗ್ ಬಾವುಟ ಹಾರಿದ ಕಾಸರಕೋಡಿನಲ್ಲೇ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡಿದ್ದಾರೆ. ಅಂಕೋಲಾದ ಕೇಣಿಯಲ್ಲಿ ಉದ್ದೇಶಿತ ಬಂದರಿಗೆ 2025ರಲ್ಲಿ ಪ್ರತಿಭಟನೆ ಎದುರಾಯಿತು. ರೇಖೆ ಎಳೆದ ಸರ್ಕಾರವೇ ಅದರೊಳಗೆ ಯೋಜನೆಗಳನ್ನು ತಂದಾಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಇದೇ ಕೃಷ್ಣೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಅನುಭವವೂ ಭಿನ್ನವಲ್ಲ. ಅಲ್ಲಿ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ನೀಲಿ ರೇಖೆ, 100 ವರ್ಷಕ್ಕೊಮ್ಮೆ ಬರಬಹುದಾದ ಮಟ್ಟಕ್ಕೆ ಕೆಂಪು ರೇಖೆ ಗುರುತಿಸುವ ಪದ್ಧತಿಯಿದೆ. ನದಿ ತೀರದಲ್ಲಿ ಕೈಗಾರಿಕೆಗಳನ್ನು ನಿಯಂತ್ರಿಸಲು 2000ದಲ್ಲಿ ತಂದಿದ್ದ ನದಿ ನಿಯಂತ್ರಣ ವಲಯ ನೀತಿಯನ್ನು ಆ ರಾಜ್ಯ 2015ರಲ್ಲಿ ಕೈಬಿಟ್ಟಿತು. ರೇಖೆಗಳೊಳಗೆ ಕಟ್ಟಡಗಳು ಎದ್ದವು. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದವು. ಆಗ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದಿ ತೀರದ ಹಳ್ಳಿಗಳಲ್ಲಿ ಜನ ಕಾಳಜಿ ಕೇಂದ್ರಗಳಿಗೆ ಓಡಿದರು.

ಆದರೂ ಒಂದು ವ್ಯತ್ಯಾಸವಿದೆ. ಕಾಸರಕೋಡಿನ ಮೀನುಗಾರನ ಕೈಯಲ್ಲಿ ಉಲ್ಲಂಘನೆಯನ್ನು ತೋರಿಸುವ ನಕ್ಷೆಯಿದೆ. ಸಾಂಗ್ಲಿಯ ನಾಗರಿಕನಿಗೆ ನೀಲಿ ರೇಖೆಯ ಆಧಾರವಿದೆ. ಗಲಗಲಿಯ ರೈತನಿಗೆ ಯಾವ ರೇಖೆಯನ್ನು ತೋರಿಸಿ ವಾದ ಮಾಡಬೇಕೆಂಬುದೇ ತಿಳಿಯದು.

ಮುಂದೇನು?

ಮೂರು ಕೆಲಸಗಳಿಗೆ ಗೆಜೆಟ್ ಪ್ರಕಟಣೆಯನ್ನು ಕಾಯಬೇಕಿಲ್ಲ. ಈಗಿರುವ 519.60 ಮೀಟರ್ ಮಟ್ಟ ಹಾಗೂ ಉದ್ದೇಶಿತ 524.256 ಮೀಟರ್ ಮಟ್ಟ ಎರಡನ್ನೂ ಸರ್ವೆ ನಂಬರ್ ಸಹಿತ ನೆಲದ ಮೇಲೆ ಗುರುತಿಸಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಕ್ಷೆ ತೂಗುಹಾಕುವುದು ಮೊದಲನೆಯದು. ಯಾರ ಹೊಲ ಒಳಗೆ, ಯಾರ ಹೊಲ ಹೊರಗೆ ಎಂಬ ಗುಟ್ಟು ಮಧ್ಯವರ್ತಿಗಳ ಬಂಡವಾಳವಾಗಬಾರದು. ಎರಡನೆಯದಾಗಿ, ಪ್ರವಾಹದ ಬಯಲಿನ ವಿಂಗಡಣೆಗೆ ರಾಜ್ಯವೇ ಕಾಯ್ದೆ ಮಾಡಬೇಕು. 2005, 2009 ಮತ್ತು 2019ರ ಪ್ರವಾಹಗಳ ದಾಖಲೆ ಸರ್ಕಾರದ ಬಳಿಯೇ ಇದೆ. ಮೂರನೆಯದಾಗಿ, ಹಿನ್ನೀರಿನ ಅಂಚಿನ ನಿರ್ವಹಣೆಯಲ್ಲಿ ತೀರದ ಗ್ರಾಮಸಭೆಗಳಿಗೆ ಅಧಿಕೃತ ಪಾತ್ರ ಕೊಡಬೇಕು. ಹಕ್ಕಿಗಳ ನಡುಗಡ್ಡೆ, ಮೀನುಗಾರಿಕೆ, ನೀರು ಸರಿದ ನೆಲದ ಬಿತ್ತನೆ ಇವುಗಳ ಪಾಲು ಊರಿನಲ್ಲೇ ಇತ್ಯರ್ಥವಾಗಬೇಕು.

ಪರಿಹಾರದ ವಿಚಾರದಲ್ಲಿಯೂ ಸಮಯದ ಬೆಲೆ ಸರ್ಕಾರಕ್ಕೆ ಅರ್ಥವಾಗಬೇಕು. ಎಕರೆಗೆ 40 ಲಕ್ಷ ಎಂಬುದು 2025ರ ಮಾತು. ಹಣ ಕೈಸೇರುವ ಹೊತ್ತಿಗೆ ನವನಗರದಲ್ಲಿ ಒಂದು ನಿವೇಶನದ ಬೆಲೆ ಎಲ್ಲಿಗೆ ಹೋಗಿರುತ್ತದೆ? ಮೊದಲ ಎರಡು ಹಂತಗಳಲ್ಲಿ ನೆಲ ಕಳೆದುಕೊಂಡವರು ಪರಿಹಾರ ಹೆಚ್ಚಳಕ್ಕೆ ವರ್ಷಗಟ್ಟಲೆ ನ್ಯಾಯಾಲಯ ಅಲೆದದ್ದು ಈ ಜಿಲ್ಲೆಗೆ ಹೊಸ ಕಥೆಯಲ್ಲ.

ಇದನ್ನು ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಮಸ್ಯೆಯೆಂದು ಬೆಂಗಳೂರು, ಮೈಸೂರು, ಮಂಗಳೂರಿನ ಓದುಗರು ಬದಿಗೆ ಸರಿಸುವಂತಿಲ್ಲ. ನ್ಯಾಯಮಂಡಳಿ ಮೂರನೇ ಹಂತಕ್ಕೆ ಹಂಚಿದ 130 ಟಿಎಂಸಿ ನೀರು ಉತ್ತರ ಕರ್ನಾಟಕದ ಬರದ ನೆಲಕ್ಕೆ ಬೇಕೇ ಬೇಕು. ಆ ನೀರಿಗಾಗಿ ಕೆಲವರು ನೆಲ ಬಿಡಬೇಕಾಗುತ್ತದೆ ಎಂಬುದೂ ನಿಜ. ಬಿಟ್ಟುಕೊಡುವವನಿಗೆ ತಾನು ಎಂದು, ಎಷ್ಟು, ಯಾವ ಗೆರೆಯವರೆಗೆ ಬಿಡಬೇಕೆಂದು ಹೇಳುವುದು ನಾಡಿನ ಕನಿಷ್ಠ ಋಣ.

ಮುಂದಿನ ಕೃಷ್ಣಾ ಪುಷ್ಕರಕ್ಕೆ 2028ರಲ್ಲಿ ಸ್ನಾನಘಟ್ಟಗಳು ಸಿದ್ಧವಾಗುತ್ತವೆ, ದೀಪಗಳು ಬೆಳಗುತ್ತವೆ. ಗಲಗಲಿಯಂಥ ಊರುಗಳಲ್ಲಿ ಆ ಘಟ್ಟದ ಕೊನೆಯ ಮೆಟ್ಟಿಲನ್ನು ಯಾವ ಎತ್ತರದಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗಾದರೂ ಅಷ್ಟರೊಳಗೆ ಉತ್ತರ ಸಿಗಬೇಕು.